ಪದವಿಯ ಮೇಲೊಂದು ಪದವಿ: 20 ವಾರಗಳ ಶಾಲಾ ಅನುಭವ ಕಲಿಸಿದ್ದು

ಬಿ.ಎಸ್ಸಿ. ಮುಗಿಸಿ ಬಿ.ಇಡ್.ಗೆ ಸೇರಿದವರೆಲ್ಲ ಕೇಳಿಸಿಕೊಂಡಿರುವ ಪ್ರಶ್ನೆ ಒಂದಿದೆ: "ವಿಜ್ಞಾನ ಕಲಿತಾಗಿದೆಯಲ್ಲ, ಹತ್ತನೇ ತರಗತಿಗೆ ಹೇಳಿಕೊಡಲು ಇನ್ನೂ ಎರಡು ವರ್ಷ ಏಕೆ?" ಪ್ರಶ್ನೆಯಲ್ಲಿ ನ್ಯಾಯವಿದೆ. ಎರಡು ವರ್ಷವೆಂದರೆ ಶುಲ್ಕ, ಬಸ್ಸಿನ ಖರ್ಚು ಮತ್ತು ಗಳಿಕೆಯಿಲ್ಲದ ದಿನಗಳು. ನಮ್ಮಲ್ಲಿಯೂ ಅನೇಕರು ಬಿ.ಇಡ್. ಎಂದರೆ ಟಿಇಟಿ ಬರೆಯಲು ಬೇಕಾದ ಅರ್ಹತಾ ಪತ್ರವೆಂದೇ ತಿಳಿದಿದ್ದಾರೆ. ಒಂದು ಪದವಿಯ ಮೇಲೆ ಮತ್ತೊಂದು ಪದವಿ ಏನನ್ನು ಸೇರಿಸುತ್ತದೆ ಎಂಬುದನ್ನು ಶಾಲಾ ಅನುಭವ ಮುಗಿದ ಈ ಹಂತದಲ್ಲಿ ವಿವರಿಸಲು ಪ್ರಯತ್ನಿಸಿದ್ದೇನೆ.

ಮೊದಲು ವ್ಯವಸ್ಥೆಯನ್ನು ನೋಡೋಣ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ಪ್ರಕಾರ ಒಂದು ವರ್ಷದ ಬಿ.ಇಡ್. ಎರಡು ವರ್ಷದ್ದಾಯಿತು. ಕನಿಷ್ಠ 20 ವಾರಗಳ ಶಾಲಾ ಅನುಭವ ಕಡ್ಡಾಯವಾಯಿತು: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಅಂದರೆ ಹೆಚ್ಚಿದ ಅವಧಿಯ ದೊಡ್ಡ ಪಾಲು ಶಾಲೆಯದು.

ಈ ವಾರಗಳಲ್ಲಿ ಕಲಿಯುವುದಕ್ಕೆ ಒಂದು ಹೆಸರಿದೆ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಇದನ್ನು ಬೋಧನಾಶಾಸ್ತ್ರೀಯ ವಿಷಯ ಜ್ಞಾನ ಎಂದು ಗುರುತಿಸಿದರು. ವಿಷಯ ತಿಳಿದಿರುವುದು ಒಂದು, ಬೋಧನಾ ವಿಧಾನ ತಿಳಿದಿರುವುದು ಇನ್ನೊಂದು. ಈ ವಿಷಯ ಈ ವಯಸ್ಸಿನ ಮಕ್ಕಳಿಗೆ ಎಲ್ಲಿ ಕಷ್ಟವಾಗುತ್ತದೆ, ಯಾವ ಉದಾಹರಣೆಯಿಂದ ಸುಲಭವಾಗುತ್ತದೆ ಎಂಬ ತಿಳಿವಳಿಕೆ ಮೂರನೆಯದು. ನಮ್ಮ ಜಿಲ್ಲೆಯವರಿಗೆ ಇದನ್ನು ಇಳಕಲ್ ಸೀರೆಯಿಂದ ತಿಳಿಸಬಹುದು. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಬಿ.ಎಸ್ಸಿ. ಒಡಲಾದರೆ ಬೋಧನಾ ವಿಧಾನ ಸೆರಗು. ಕೊಂಡಿ ಹಾಕುವ ಕೆಲಸ ನಡೆಯುವುದು ತರಗತಿಯಲ್ಲಿ.

ಒಂದು ಪಾಠದ ಉದಾಹರಣೆ ಕೊಡುತ್ತೇನೆ. ಹತ್ತನೇ ತರಗತಿಯ ವಿಜ್ಞಾನದ ಮೊದಲ ಅಧ್ಯಾಯ ರಾಸಾಯನಿಕ ಕ್ರಿಯೆಗಳದ್ದು. ಸುಟ್ಟ ಸುಣ್ಣಕ್ಕೆ ನೀರು ಸೇರಿದರೆ ಶಾಖ ಬಿಡುಗಡೆಯಾಗಿ ಅರಳಿದ ಸುಣ್ಣವಾಗುತ್ತದೆ. ಅದನ್ನು ಗೋಡೆಗೆ ಬಳಿದಾಗ ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ನಿಧಾನವಾಗಿ ವರ್ತಿಸಿ, ಎರಡು ಮೂರು ದಿನಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹೊಳೆಯುವ ಪದರವಾಗುತ್ತದೆ. ಬಿ.ಎಸ್ಸಿ. ಓದಿದವರಿಗೆ ಇದು ಎರಡು ಸಮೀಕರಣ, ಹತ್ತು ನಿಮಿಷದ ಕೆಲಸ.

ಮಾರ್ಗದರ್ಶಕ ಶಿಕ್ಷಕರ ಸಲಹೆಯಂತೆ ಸಮೀಕರಣ ಬರೆಯುವ ಮೊದಲು ಮಕ್ಕಳನ್ನೇ ಕೇಳಿದೆ: "ಸುಣ್ಣ ಬಳಿದ ಗೋಡೆ ಗಟ್ಟಿಯಾಗಿ ಬೆಳ್ಳಗಾಗುವುದು ಹೇಗೆ?" ಬಂದ ಉತ್ತರ, "ನೀರು ಆರಿ ಒಣಗೇತ್ರಿ." ಇಡೀ ತರಗತಿ ಒಪ್ಪಿತು. ಇದು ಅಸಡ್ಡೆಯ ಉತ್ತರವಲ್ಲ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿದ ಮಕ್ಕಳು ಕಣ್ಣಾರೆ ಕಂಡದ್ದು ಅದನ್ನೇ. ನೀರು ಆರುವುದೂ ನಿಜ. ಆದರೆ ಈ ನಂಬಿಕೆ ಹಾಗೆಯೇ ಉಳಿದರೆ ಮಕ್ಕಳು ಸಮೀಕರಣವನ್ನು ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತಾರೆ, ಮನಸ್ಸಿನಲ್ಲಿ ಮಾತ್ರ ಗೋಡೆ ಒಣಗುತ್ತಲೇ ಇರುತ್ತದೆ. ಅಂಕ ಬರುತ್ತದೆ, ಅರ್ಥವಾಗುವುದಿಲ್ಲ.

ಇಲ್ಲಿ ಬೇಕಾದದ್ದು ಮಕ್ಕಳ ವಿವರಣೆ ಮತ್ತು ಪುಸ್ತಕದ ವಿವರಣೆಯ ನಡುವೆ ತೀರ್ಪು ಕೊಡುವ ಪ್ರಯೋಗ. ಬರೀ ನೀರು ಆರಿದ್ದರೆ ಗೋಡೆಯ ಮೇಲಿರುವುದು ಇನ್ನೂ ಅದೇ ಸುಣ್ಣ. ಆಮ್ಲ ಹಾಕಿದರೆ ಗುಳ್ಳೆ ಬರಬಾರದು. ಅದು ಕಾರ್ಬೊನೇಟ್ ಆಗಿದ್ದರೆ ಗುಳ್ಳೆ ಬರಬೇಕು. ಮುಚ್ಚಿದ ಡಬ್ಬಿಯ ಹೊಸ ಅರಳಿದ ಸುಣ್ಣ, ಹಳೆಯ ಸುಣ್ಣದ ಗೋಡೆಯಿಂದ ಕೆರೆದ ಮೇಲ್ಪದರದ ಪುಡಿ, ಒಂದು ಚೂರು ಸುಣ್ಣದಕಲ್ಲು, ಇವನ್ನು ಮೂರು ಪ್ರನಾಳಗಳಲ್ಲಿ ಇಟ್ಟು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಬೇಕು. ಫಲಿತಾಂಶವನ್ನು ಮಕ್ಕಳು ಮೊದಲೇ ಊಹಿಸಿ ಬರೆದಿರಬೇಕು. ಹೊಸ ಸುಣ್ಣ ಗುಳ್ಳೆಯಿಲ್ಲದೆ ಕರಗುತ್ತದೆ. ಗೋಡೆಯ ಪುಡಿ ಸುಣ್ಣದಕಲ್ಲಿನಂತೆಯೇ ಬುರುಗು ಬಿಡುತ್ತದೆ. ಬಾಗಲಕೋಟೆ ಸುತ್ತ ಸುಣ್ಣದಕಲ್ಲು ಹೇರಳ. ಇಲ್ಲಿನ ಸಿಮೆಂಟ್ ತಯಾರಿಕೆಗೂ ಅದೇ ಮೂಲ. ಕಲ್ಲು ಸುಟ್ಟರೆ ಸುಣ್ಣ, ಸುಣ್ಣ ಗೋಡೆಗೇರಿದರೆ ಮತ್ತೆ ಅದೇ ವಸ್ತು ಎಂಬ ಸುತ್ತು ಆಗ ಪೂರ್ಣವಾಗುತ್ತದೆ.

ಈ ಪ್ರಯೋಗ ಮಾಡಿಸುವವರಿಗೆ ಮೂರು ಸೂಚನೆಗಳು. ಡಿಸ್ಟೆಂಪರ್ ಬಳಿದ ಗೋಡೆಯನ್ನು ಬಳಸಬಾರದು. ಸುಣ್ಣದ ಡಬ್ಬಿ ಬಹಳ ದಿನ ತೆರೆದಿದ್ದರೆ ಅದರಲ್ಲೂ ಗುಳ್ಳೆ ಬರುತ್ತದೆ. ಏಕೆ ಎಂದು ಮಕ್ಕಳನ್ನೇ ಕೇಳಬಹುದು. ಸುಟ್ಟ ಸುಣ್ಣಕ್ಕೆ ನೀರು ಹಾಕುವ ಕೆಲಸವನ್ನು ಕಣ್ಣಿಗೆ ರಕ್ಷಣೆ ಧರಿಸಿ ಶಿಕ್ಷಕರೇ ಮಾಡಬೇಕು.

ಇದರಿಂದ ಕಲಿತ ಮೊದಲ ಪಾಠ: ಮಗುವಿನ ತಪ್ಪು ಉತ್ತರ ನಮ್ಮ ಪಾಠ ಎಲ್ಲಿಂದ ಆರಂಭವಾಗಬೇಕೆಂದು ತೋರಿಸುತ್ತದೆ. 5ಇ ಮಾದರಿಯಲ್ಲಿ 'ತೊಡಗಿಸಿಕೊಳ್ಳುವಿಕೆ' ಎಂಬ ಮೊದಲ ಹಂತ ಇರುವುದೇ ಇದಕ್ಕಾಗಿ. ಅದನ್ನು ಶೀರ್ಷಿಕೆ ಹೇಳಿಸುವ ಎರಡು ಪ್ರಶ್ನೆಗಳಿಗೆ ಇಳಿಸಿದರೆ ಹಂತದ ಹೆಸರಷ್ಟೇ ಉಳಿಯುತ್ತದೆ.

ಎರಡನೆಯದು, ಕಾಯುವುದು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ದೀರ್ಘವಾಗುತ್ತವೆ, ಹೆಚ್ಚು ಮಕ್ಕಳು ಮಾತನಾಡುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಓದುವಾಗ ಇದು ಸಣ್ಣ ಸಂಗತಿ. ತರಗತಿಯ ಮುಂದೆ ನಿಂತಾಗ ಮೂರು ಸೆಕೆಂಡಿನ ಮೌನ ಬಹಳ ಉದ್ದ. "ಒಣಗೇತ್ರಿ" ಎಂಬ ಉತ್ತರ ಬಂದದ್ದು ಅಂಥ ಮೌನದ ನಂತರವೇ, ಹಿಂದಿನ ಬೆಂಚಿನಿಂದ.

ಮೂರನೆಯದು, ಇನ್ನೊಬ್ಬರ ಪಾಠ ನೋಡುವುದು. ಸಹಪಾಠಿಯ ಪಾಠಕ್ಕೆ ಹಿಂದೆ ಕುಳಿತಾಗ ನಮ್ಮ ಕಣ್ಣು ಮಕ್ಕಳ ಮೇಲಿರುತ್ತದೆ. ಯಾರು ಬರೆಯುವುದನ್ನು ನಿಲ್ಲಿಸಿದರು, ಯಾರು ಪಕ್ಕದವರನ್ನು ನೋಡಿದರು ಎಂಬುದು ಬೋಧಿಸುವವರಿಗಿಂತ ವೀಕ್ಷಿಸುವವರಿಗೆ ಚೆನ್ನಾಗಿ ಕಾಣುತ್ತದೆ. ವೀಕ್ಷಣಾ ಪುಸ್ತಕದಲ್ಲಿ "ಧ್ವನಿ ಸ್ಪಷ್ಟವಾಗಿತ್ತು" ಎಂದು ಬರೆಯುವ ಬದಲು ಇದನ್ನು ಬರೆದುಕೊಟ್ಟರೆ ಸಹಪಾಠಿಗೆ ಪ್ರಯೋಜನ ಹೆಚ್ಚು.

ಈಗ ಒಂದು ಮುಖ್ಯ ಪ್ರಶ್ನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಪಡೆದವರಿಗೆ ಒಂದು ವರ್ಷದ ಬಿ.ಇಡ್. ದಾರಿಯನ್ನು ಸೂಚಿಸಿದೆ. ಖರ್ಚಿನ ದೃಷ್ಟಿಯಿಂದ ಇದು ಸಮಾಧಾನದ ಮಾತು. ಎಂ.ಎಸ್ಸಿ. ಓದಿದವರ ವಿಷಯ ಜ್ಞಾನ ನನ್ನಂಥವರಿಗಿಂತ ಖಂಡಿತ ಆಳವಾದದ್ದು. ಆದರೆ ಆ ಆಳ "ಒಣಗೇತ್ರಿ" ಎಂಬ ಉತ್ತರವನ್ನು ಮುಂಚಿತವಾಗಿ ತಿಳಿಸಿಕೊಡುವುದಿಲ್ಲ. ವಿಷಯದಲ್ಲಿ ಬಹಳ ಮುಂದೆ ಹೋದವರಿಗೆ ಆರಂಭದ ತೊಡಕು ಮರೆತಿರುವ ಸಾಧ್ಯತೆಯೂ ಇದೆ. ಒಡಲು ಎಷ್ಟು ಉತ್ತಮ ನೂಲಿನದಾದರೂ ಕೊಂಡಿ ಹಾಕಲು ತಗಲುವ ಸಮಯ ಕಡಿಮೆಯಾಗದು. ಆದ್ದರಿಂದ ಅವಧಿ ಕಡಿಮೆಯಾಗುವುದಾದರೆ ಸಿದ್ಧಾಂತದ ಪತ್ರಿಕೆಗಳಲ್ಲಿ ಆಗಲಿ, ಶಾಲೆಯ ವಾರಗಳಲ್ಲಿ ಬೇಡ ಎಂಬುದು ನನ್ನ ಅಭಿಪ್ರಾಯ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ. ಪಾಠ ಯೋಜನೆಯಲ್ಲಿ ಕಲಿಕಾ ಫಲಗಳ ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆಯಿರಿ: "ಈ ವಿಷಯದ ಬಗ್ಗೆ ಮಕ್ಕಳು ಈಗಾಗಲೇ ಏನೆಂದು ತಿಳಿದಿರಬಹುದು?" ಪಾಠ ಮುಗಿದ ಮೇಲೆ ಅವರು ನಿಜವಾಗಿ ಹೇಳಿದ್ದನ್ನು ಅದರ ಪಕ್ಕದಲ್ಲಿ, ಅವರದೇ ಮಾತಿನಲ್ಲಿ ಬರೆದಿಡಿ. ಮಾರ್ಗದರ್ಶಕರು ಸಹಿ ಹಾಕುವ ಮುನ್ನ ಆ ಎರಡು ಸಾಲುಗಳನ್ನು ಓದಿದರೆ ಚರ್ಚೆ ಎಲ್ಲಿಂದ ಆರಂಭವಾಗಬೇಕೆಂದು ಇಬ್ಬರಿಗೂ ತಿಳಿಯುತ್ತದೆ.