ತಂದವರ ಹೆಸರಲ್ಲ, ಕಳಿಸಿದವರ ಹೆಸರು

2006ರ ಡಿಸೆಂಬರ್ ಕೊನೆಯಲ್ಲಿ ಇಂಗ್ಲಿಷ್ ವಿಕಿಪೀಡಿಯದ ನಿರ್ವಾಹಕರು ಒಂದು ಐಪಿ ವಿಳಾಸಕ್ಕೆ ತಡೆ ಹಾಕಿದರು. ಆ ವಿಳಾಸದಿಂದ ಯಾರೋ ಲೇಖನಗಳನ್ನು ಕೆಡಿಸುತ್ತಿದ್ದರು. ಇಂಥ ತಡೆ ಅಲ್ಲಿ ದಿನನಿತ್ಯದ ಕೆಲಸ. ಆದರೆ ಈ ಸಲ ಒಬ್ಬ ಕಿಡಿಗೇಡಿಯ ಜೊತೆಗೆ ಕತಾರ್ ದೇಶದ ಜನರೆಲ್ಲ ಸಿಕ್ಕಿಕೊಂಡರು. ಆಗ ಅಲ್ಲಿನ ವೆಬ್ ಸಂಚಾರ ಒಂದೇ ದೂರಸಂಪರ್ಕ ಕಂಪನಿಯ ಪ್ರಾಕ್ಸಿ ಸರ್ವರ್ ಎಂಬ ಮಧ್ಯವರ್ತಿ ಯಂತ್ರವನ್ನು ಹಾದು ಹೊರಬರುತ್ತಿತ್ತು. ಹೀಗಾಗಿ ವಿಕಿಪೀಡಿಯದ ಕಣ್ಣಿಗೆ ಅವರೆಲ್ಲರದೂ ಒಂದೇ ವಿಳಾಸ. ಲೇಖನಗಳನ್ನು ಓದಲು ಅಡ್ಡಿ ಇರಲಿಲ್ಲ. ಆದರೆ ಲಾಗಿನ್ ಆಗದೆ ತಿದ್ದುವ ದಾರಿಯೂ ಹೊಸ ಖಾತೆ ತೆರೆಯುವ ದಾರಿಯೂ ಮುಚ್ಚಿದವು. ವಿಕಿಪೀಡಿಯ ಒಂದು ದೇಶವನ್ನೇ ನಿಷೇಧಿಸಿದೆ ಎಂಬ ಸುದ್ದಿ ಹಬ್ಬಿತು. ಅದು ನಿಜವಲ್ಲ ಎಂದು ಸಹಸಂಸ್ಥಾಪಕ ಜಿಮ್ಮಿ ವೇಲ್ಸ್ ಸ್ಪಷ್ಟನೆ ಕೊಡಬೇಕಾಯಿತು.

ಕತಾರಿನಲ್ಲಿದ್ದದ್ದು ಬಳಕೆದಾರರ ಕಡೆಯ ಪ್ರಾಕ್ಸಿ. ಜಾಲತಾಣಗಳ ಕಡೆಯಲ್ಲೂ ಇಂಥದೇ ಮಧ್ಯವರ್ತಿ ನಿಂತಿರುತ್ತದೆ. ಅದರ ಹೆಸರು ರಿವರ್ಸ್ ಪ್ರಾಕ್ಸಿ. ಹುಬ್ಬಳ್ಳಿಯಲ್ಲಿ ಕೂತು ಕನ್ನಡ ವಿಕಿಪೀಡಿಯದ ಪುಟ ತೆರೆದರೆ ನಮ್ಮ ಕೋರಿಕೆ ಸಾಮಾನ್ಯವಾಗಿ ಮೊದಲು ಮುಟ್ಟುವುದು ಸಿಂಗಪುರದ ಡೇಟಾ ಸೆಂಟರನ್ನು. ಅಲ್ಲಿನ ಯಂತ್ರದ ಬಳಿ ಆ ಪುಟದ ಪ್ರತಿ ಇದ್ದರೆ ಅದೇ ಕೊಟ್ಟುಬಿಡುತ್ತದೆ. ಇಲ್ಲದಿದ್ದರೆ ಅಮೆರಿಕದಲ್ಲಿರುವ ಮುಖ್ಯ ಸರ್ವರಿನಿಂದ ತರಿಸಿ ಕೊಡುತ್ತದೆ. ಬ್ಯಾಂಕು, ರೈಲು ಟಿಕೆಟ್, ಪತ್ರಿಕೆ, ಪರೀಕ್ಷಾ ಫಲಿತಾಂಶ, ಹೀಗೆ ಜನ ಮುಗಿಬೀಳುವ ತಾಣಗಳಲ್ಲಿ ಈ ವ್ಯವಸ್ಥೆ ಇಲ್ಲದೆ ಕೆಲಸ ಸಾಗದು. ಭಾರವನ್ನು ಹತ್ತು ಸರ್ವರುಗಳಿಗೆ ಹಂಚುವುದು, ಗೂಢಲಿಪಿಯನ್ನು ಬಿಡಿಸುವುದು, ದಾಳಿಯನ್ನು ಬಾಗಿಲಲ್ಲೇ ತಡೆಯುವುದು ರಿವರ್ಸ್ ಪ್ರಾಕ್ಸಿಯ ಕೆಲಸ. ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್-ಎಕ್ಸ್ ಮತ್ತು ಫ್ರಾನ್ಸಿನ ವಿಲ್ಲಿ ಟಾರೋ ಬರೆದ ಎಚ್‌ಎ-ಪ್ರಾಕ್ಸಿ ಈ ಕೆಲಸಕ್ಕೆ ಹೆಸರಾದ ತಂತ್ರಾಂಶಗಳು.

ಇಷ್ಟೆಲ್ಲ ಅನುಕೂಲದ ಜೊತೆಗೆ ಒಂದು ನಷ್ಟವೂ ಇದೆ. ಇಂಟರ್ನೆಟ್ಟಿನಲ್ಲಿ ಸಾಗುವ ಪ್ರತಿ ಐಪಿವಿ4 ಪೊಟ್ಟಣಕ್ಕೂ ಕನಿಷ್ಠ 20 ಬೈಟಿನ ತಲೆಬರಹ ಇರುತ್ತದೆ. ಅದರ 13ರಿಂದ 16ನೆಯ ಬೈಟಿನವರೆಗಿನ ಜಾಗದಲ್ಲಿ ಕಳಿಸಿದವರ ವಿಳಾಸ. ಈ ವಿಳಾಸದ ಮೇಲೆ ಸರ್ವರಿಗೆ ಭರವಸೆ ಇರುವುದಕ್ಕೆ ಕಾರಣವಿದೆ. ಟಿಸಿಪಿ ಸಂಪರ್ಕ ಕುದುರುವ ಮೊದಲು ಸರ್ವರ್ ಆ ವಿಳಾಸಕ್ಕೆ ಒಂದು ಉತ್ತರ ಕಳಿಸುತ್ತದೆ, ಅದು ತಲುಪಿತೆಂಬ ಒಪ್ಪಿಗೆ ವಾಪಸ್ ಬಂದ ಮೇಲೆಯೇ ಮಾತುಕತೆ ಆರಂಭ. ಸುಳ್ಳು ವಿಳಾಸ ಬರೆದವನಿಗೆ ಆ ಉತ್ತರ ಸಿಗುವುದೇ ಇಲ್ಲ, ಹಾಗಾಗಿ ಸಂಪರ್ಕವೂ ಕುದುರುವುದಿಲ್ಲ. ಆದರೆ ಈ ಭರವಸೆ ಒಂದೇ ಹೆಜ್ಜೆಯದು. ಓದುಗ ಮತ್ತು ಪ್ರಾಕ್ಸಿಯ ನಡುವೆ ಒಂದು ಸಂಪರ್ಕ, ಪ್ರಾಕ್ಸಿ ಮತ್ತು ಒಳಗಿನ ಸರ್ವರಿನ ನಡುವೆ ಇನ್ನೊಂದು. ಎರಡನೆಯದರಲ್ಲಿ ಕಳಿಸಿದವರ ಜಾಗದಲ್ಲಿರುವುದು ಪ್ರಾಕ್ಸಿಯ ವಿಳಾಸ.

ಮದುವೆ ಮನೆಯಲ್ಲಿ ಮುಯ್ಯಿ ಬರೆಯುವವರನ್ನು ನೆನೆದುಕೊಳ್ಳಿ. ಊರಿಂದ ಬಂದ ಹಿರಿಯರೊಬ್ಬರು ಬರಲಾಗದ ಐದಾರು ಮನೆಯವರ ಕವರುಗಳನ್ನೂ ತಂದಿರುತ್ತಾರೆ. ಕವರಿನ ಮೇಲೆ ಹೆಸರಿಲ್ಲದಿದ್ದರೆ ಅಷ್ಟೂ ಮುಯ್ಯಿ ತಂದವರ ಹೆಸರಿನಲ್ಲೇ ಲೆಕ್ಕಕ್ಕೆ ಸೇರುತ್ತದೆ. ಒಳಗಿನ ಸರ್ವರಿನ ಲಾಗ್ ಪುಸ್ತಕದಲ್ಲಿ ಆಗುವುದೂ ಇದೇ. ಲಕ್ಷ ಜನ ಬಂದು ಹೋದರೂ ಸಾಲುಸಾಲಿಗೂ 127.0.0.1 ಅಥವಾ 10.0.0.5 ಎಂಬ ಒಂದೇ ಒಳಜಾಲದ ವಿಳಾಸ.

ಇದರ ಪೆಟ್ಟು ಲೆಕ್ಕದ ಪುಸ್ತಕಕ್ಕೆ ಮಾತ್ರ ಬೀಳುವುದಿಲ್ಲ. ತಪ್ಪು ಪಾಸ್‌ವರ್ಡನ್ನು ಪದೇ ಪದೇ ಒತ್ತುವ ವಿಳಾಸವನ್ನು ತಾನೇ ಹೊರಗಟ್ಟುವ ಫೇಲ್‌ಟುಬ್ಯಾನ್‌ನಂಥ ಕಾವಲು ತಂತ್ರಾಂಶಗಳಿವೆ. ಎಲ್ಲರದೂ ಒಂದೇ ವಿಳಾಸವಾಗಿ ಕಂಡರೆ ಅವು ಪ್ರಾಕ್ಸಿಯನ್ನೇ ಹೊರಗಟ್ಟುತ್ತವೆ, ಅದರ ಹಿಂದಿದ್ದ ಅಷ್ಟೂ ಜನರ ಪಾಲಿಗೆ ತಾಣ ಸತ್ತಂತಾಗುತ್ತದೆ. ಭಾರತದಲ್ಲಿ ಕಾನೂನಿನ ಹೊಣೆಯೂ ಸೇರಿಕೊಂಡಿದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಆ ಲಾಗ್‌ ತುಂಬ 127.0.0.1 ಒಂದೇ ಇದ್ದರೆ, ವಂಚನೆಗೆ ಒಳಗಾದವರು ದೂರು ಕೊಟ್ಟಾಗ ಅದರಿಂದ ಕಿಂಚಿತ್ತೂ ಉಪಯೋಗವಿಲ್ಲ.

ಪರಿಹಾರ ಸರಳ: ಕವರಿನ ಮೇಲೆ ಹೆಸರು ಬರೆಯುವುದು. ವೆಬ್ ಕೋರಿಕೆಯ ತಲೆಭಾಗದಲ್ಲಿ ಹೆಡರ್ ಎಂಬ ಸಾಲುಗಳಿರುತ್ತವೆ. ಸ್ಕ್ವಿಡ್ ಎಂಬ ಪ್ರಾಕ್ಸಿಯನ್ನು ಕಟ್ಟಿದವರು ‘ಎಕ್ಸ್-ಫಾರ್ವರ್ಡೆಡ್-ಫಾರ್’ ಎಂಬ ಹೆಡರನ್ನು ಬಳಕೆಗೆ ತಂದರು. ಪ್ರಾಕ್ಸಿ ಕೋರಿಕೆಯನ್ನು ಮುಂದೆ ದಾಟಿಸುವಾಗ, ತನಗೆ ಅದನ್ನು ಯಾರು ಕೊಟ್ಟರೋ ಅವರ ವಿಳಾಸವನ್ನು ಈ ಸಾಲಿನ ಬಲತುದಿಗೆ ಸೇರಿಸುತ್ತದೆ. ದಾರಿಯಲ್ಲಿ ಎರಡು ಪ್ರಾಕ್ಸಿ ಇದ್ದರೆ ಎರಡು ವಿಳಾಸ. 2014ರ ಜೂನ್‌ನಲ್ಲಿ ಇದಕ್ಕೆ ‘ಫಾರ್ವರ್ಡೆಡ್’ ಎಂಬ ಅಧಿಕೃತ ರೂಪವೂ ಬಂತು. ಆದರೂ ಹಳೆಯ ಹೆಡರೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ.

ನಿಜವಾದ ತೊಡಕು ಇಲ್ಲಿಂದ ಶುರು. ಕವರಿನ ಮೇಲೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆಯಬಹುದು. ಹೆಡರ್ ಎಂಬುದು ಬರಿಯ ಅಕ್ಷರ, ಟಿಸಿಪಿಯ ಒಪ್ಪಿಗೆಯ ಪರೀಕ್ಷೆ ಅದಕ್ಕಿಲ್ಲ. ಒಂದು ಉದಾಹರಣೆ ನೋಡೋಣ. ಹೊರಜಾಲದ ವಿಳಾಸಗಳಾಗಿ, ವಿವರಣೆಗೆಂದೇ ಮೀಸಲಿಟ್ಟ, ಯಾರಿಗೂ ಸೇರದವನ್ನೇ ಬಳಸುತ್ತೇನೆ. 203.0.113.25 ವಿಳಾಸದ ವ್ಯಕ್ತಿಯೊಬ್ಬ ಕೋರಿಕೆ ಕಳಿಸುತ್ತಾನೆ. ಅದು 198.51.100.10 ಎಂಬ ಹೊರಗಿನ ಪ್ರಾಕ್ಸಿಗೆ, ಅಲ್ಲಿಂದ 10.0.0.5 ಎಂಬ ಒಳಗಿನ ಪ್ರಾಕ್ಸಿಗೆ, ಕೊನೆಗೆ ಸರ್ವರಿಗೆ ಬರುತ್ತದೆ. ಆತ ಪ್ರಾಮಾಣಿಕನಾದರೆ ಸರ್ವರಿಗೆ ಕಾಣುವ ಸಾಲು ‘203.0.113.25, 198.51.100.10’. ಆದರೆ ಆತ ಮೊದಲೇ 192.0.2.1 ಎಂಬ ಸುಳ್ಳು ವಿಳಾಸ ತುಂಬಿದ ಹೆಡರನ್ನು ಕಳಿಸಿದ್ದರೆ? ಸಾಲು ‘192.0.2.1, 203.0.113.25, 198.51.100.10’ ಆಗುತ್ತದೆ.

ಎಷ್ಟೋ ತಂತ್ರಾಂಶಗಳು ಮೊದಲು ಕಂಡ ವಿಳಾಸವೇ ನಿಜವೆಂದು ಎಡತುದಿಯದನ್ನು ಎತ್ತಿಕೊಂಡು ಮೋಸಹೋಗುತ್ತವೆ. ಸರಿಯಾದ ಕ್ರಮ ಬಲದಿಂದ ಎಡಕ್ಕೆ ಓದುವುದು. ಕೋರಿಕೆ ತಂದುಕೊಟ್ಟ 10.0.0.5 ನಮ್ಮದೇ ಯಂತ್ರ, ಆದ್ದರಿಂದ ಅದು ಬರೆದದ್ದನ್ನು ನಂಬಬಹುದು. ಅದು ಬರೆದದ್ದು 198.51.100.10. ಅದೂ ನಮ್ಮ ಪ್ರಾಕ್ಸಿಯೇ, ಆದ್ದರಿಂದ ಅದು ಬರೆದದ್ದನ್ನೂ ನಂಬಬಹುದು. ಅದು ಬರೆದ 203.0.113.25 ನಮ್ಮ ಪಟ್ಟಿಯಲ್ಲಿಲ್ಲ. ಹಾಗಾದರೆ ಸಂದರ್ಶಕ ಇವನೇ, ಅಲ್ಲಿಗೆ ನಿಲ್ಲಬೇಕು. ಅದರ ಎಡಕ್ಕಿರುವುದೆಲ್ಲ ಅಪರಿಚಿತನ ಮಾತು. ವಿಳಾಸ ನಿಜವೋ ಸುಳ್ಳೋ ಎಂದು ಅದನ್ನು ನೋಡಿ ಹೇಳಲಾಗದು, ಬರೆದವರು ಯಾರೆಂದು ತಿಳಿದರೆ ಮಾತ್ರ ಹೇಳಬಹುದು.

ಎಂಜಿನ್-ಎಕ್ಸ್‌ನಲ್ಲಿ ಇದೇ ವಿವೇಕವನ್ನು ಮೂರು ಸಾಲಿನಲ್ಲಿ ಬರೆಯುತ್ತಾರೆ. ‘ಸೆಟ್ ರಿಯಲ್ ಐಪಿ ಫ್ರಮ್’ ಎಂಬ ಸಾಲು ಯಾರ ಮಾತನ್ನು ನಂಬಬೇಕೆಂದು ಹೇಳುತ್ತದೆ. ‘ರಿಯಲ್ ಐಪಿ ಹೆಡರ್’ ಯಾವ ಹೆಡರನ್ನು ಓದಬೇಕೆಂದು ಹೇಳುತ್ತದೆ. ‘ರಿಯಲ್ ಐಪಿ ರಿಕರ್ಸಿವ್’ ಎಂಬುದನ್ನು ಆನ್ ಮಾಡಿದರೆ ನಂಬಿಕಸ್ತರ ವಿಳಾಸಗಳನ್ನು ಬಲದಿಂದ ಒಂದೊಂದಾಗಿ ದಾಟಿ ಹೊರಗಿನವರ ವಿಳಾಸದ ಬಳಿ ನಿಲ್ಲುತ್ತದೆ. ಅಪಾಚೆ ಸರ್ವರಿನಲ್ಲಿ ಈ ಕೆಲಸಕ್ಕೆ ‘ಮಾಡ್ ರಿಮೋಟ್ ಐಪಿ’ ಇದೆ. ಅವಸರದಲ್ಲಿ ಅನೇಕರು ನಂಬಿಕಸ್ತರ ಪಟ್ಟಿಗೆ 0.0.0.0/0 ಎಂದು, ಅಂದರೆ ಜಗತ್ತನ್ನೇ, ಸೇರಿಸಿಬಿಡುತ್ತಾರೆ. ಲಾಗ್‌ನಲ್ಲಿ ಬಗೆಬಗೆಯ ವಿಳಾಸಗಳು ಕಾಣತೊಡಗುವುದರಿಂದ ಕೆಲಸ ಆಯಿತೆಂದು ಅನ್ನಿಸುತ್ತದೆ. ಆದರೆ ಈ ಸ್ಥಿತಿ ಮೊದಲಿಗಿಂತ ಅಪಾಯಕಾರಿ. ಮೊದಲು ವಿಳಾಸ ಗೊತ್ತಿರಲಿಲ್ಲ, ಈಗ ದಾಳಿಕೋರ ಹೇಳಿದ್ದೇ ವಿಳಾಸ. ಅವನು ಪ್ರತಿ ಕೋರಿಕೆಗೂ ಬೇರೆ ಬೇರೆ ವಿಳಾಸ ಬರೆದು ಕಾವಲನ್ನು ದಾಟಬಹುದು, ನಿರಪರಾಧಿಯ ವಿಳಾಸ ಬರೆದು ಅವರಿಗೆ ಬಹಿಷ್ಕಾರ ಹಾಕಿಸಲೂಬಹುದು.

ಕೋರಿಕೆ ಗೂಢಲಿಪಿಯಲ್ಲೇ ಪ್ರಾಕ್ಸಿಯನ್ನು ಹಾದುಹೋಗುವಾಗ, ಅಥವಾ ಸಾಗುತ್ತಿರುವುದು ಇಮೇಲ್ ಆಗಿದ್ದಾಗ, ಪ್ರಾಕ್ಸಿಗೆ ವೆಬ್ ಹೆಡರ್ ಬರೆಯಲಾಗದು. ಅದಕ್ಕೆಂದೇ ವಿಲ್ಲಿ ಟಾರೋ 2010ರಲ್ಲಿ ‘ಪ್ರಾಕ್ಸಿ ಪ್ರೊಟೊಕಾಲ್’ ರೂಪಿಸಿದರು. ಸಂಪರ್ಕದ ಮೊಟ್ಟಮೊದಲಿಗೆ, ಉಳಿದ ಮಾತಿಗಿಂತ ಮುಂಚೆ, ಸಂದರ್ಶಕರ ವಿಳಾಸವನ್ನು ಹೇಳುವ ಒಂದು ಸಾಲು ಹೋಗುತ್ತದೆ. ಇದನ್ನೂ ನಂಬಿಕಸ್ತ ಪ್ರಾಕ್ಸಿಯಿಂದ ಬಂದರೆ ಮಾತ್ರ ಒಪ್ಪಬೇಕು.

ಕತಾರಿನ ಪ್ರಕರಣದ ನಂತರ ವಿಕಿಪೀಡಿಯದವರು ಹಿಡಿದದ್ದೂ ಹೆಡರ್ ಮತ್ತು ನಂಬಿಕಸ್ತರ ಪಟ್ಟಿಯ ದಾರಿಯನ್ನೇ. ಪ್ರಾಕ್ಸಿ ಬಳಸುವ ಇಂಟರ್ನೆಟ್ ಕಂಪನಿಗಳಿಗೆ ಗ್ರಾಹಕರ ವಿಳಾಸವನ್ನು ಹೆಡರಿನಲ್ಲಿ ಕಳಿಸಲು ಕೇಳಿಕೊಂಡರು. ಹಾಗೆ ಸರಿಯಾಗಿ ಕಳಿಸುವ ಪ್ರಾಕ್ಸಿಗಳ ಪಟ್ಟಿ ಮಾಡಿ, ಪಟ್ಟಿಯಲ್ಲಿದ್ದವರ ಮಾತನ್ನು ಮಾತ್ರ ನಂಬಿದರು. ಇದರಿಂದ ಕಿಡಿಗೇಡಿಗೆ ಮಾತ್ರ ತಡೆ ಹಾಕಿ ಅವನ ನೆರೆಹೊರೆಯವರನ್ನು ಬಿಡಲು ಸಾಧ್ಯವಾಯಿತು.

ಹೀಗೆ ಸಿಕ್ಕ ವಿಳಾಸವೂ ಒಬ್ಬ ಮನುಷ್ಯನ ಗುರುತಲ್ಲ. ಒಂದು ಮನೆಯ ವೈಫೈ, ಒಂದು ಹಾಸ್ಟೆಲು, ಐಪಿವಿ4 ವಿಳಾಸಗಳ ಕೊರತೆಯಿಂದ ಒಂದನ್ನೇ ಹಲವು ಗ್ರಾಹಕರಿಗೆ ಹಂಚುವ ಮೊಬೈಲ್ ಕಂಪನಿ, ಇವುಗಳ ಹಿಂದೆ ಅನೇಕರಿರುತ್ತಾರೆ. ಆದ್ದರಿಂದ ತಡೆ ಅಲ್ಪಾವಧಿಯದಾಗಿರಲಿ, ಅಗತ್ಯ ಮುಗಿದ ಮೇಲೆ ಲಾಗನ್ನು ಅಳಿಸಿಬಿಡಿ.

ನೀವು ತಾಣವೊಂದನ್ನು ನೋಡಿಕೊಳ್ಳುವವರಾದರೆ ಇವತ್ತೇ ಎರಡು ಪರೀಕ್ಷೆ ಮಾಡಿ. ಮೊಬೈಲ್ ಡೇಟಾದಿಂದ ನಿಮ್ಮ ತಾಣ ತೆರೆದು, ಲಾಗ್‌ನಲ್ಲಿ ಕಂಡದ್ದು ಮೊಬೈಲಿನ ಹೊರವಿಳಾಸವೋ ಪ್ರಾಕ್ಸಿಯದೋ ನೋಡಿ. ಬಳಿಕ ಕರ್ಲ್ ಸಾಧನದಿಂದ ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರಿನಲ್ಲಿ 192.0.2.1 ಎಂದು ಬರೆದು ಕೋರಿಕೆ ಕಳಿಸಿ. ಸಂದರ್ಶಕರ ವಿಳಾಸವೆಂದು ಲಾಗ್ ಅದನ್ನೇ ತೋರಿಸಿದರೆ, ನಂಬಿಕಸ್ತರ ಪಟ್ಟಿಯನ್ನು ಸರಿಪಡಿಸುವ ತನಕ ಆ ಲಾಗ್ ಆಧಾರದ ಮೇಲೆ ಯಾರನ್ನೂ ಹೊರಗಟ್ಟಬೇಡಿ.