ಮನೆಯಲ್ಲಿಯೇ ಕುಂಕುಮ

ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಓಕುಳಿ ಕೆಂಪೇರುವುದನ್ನು ಕಾಣದ ಕನ್ನಡ ಗೃಹಿಣಿ ಠಾಣೆ, ಡೊಂಬಿವಲಿಗಳಲ್ಲಿಯೂ ಇರಲಾರಳು. ಕುಂಕುಮದ ಗುಟ್ಟೂ ಅರಿಸಿನದಲ್ಲಿಯೇ ಅಡಗಿದೆ. ಆದರೆ ಸುಣ್ಣದ ಕೆಂಪು ಒಣಗಿದ ಮೇಲೆ ಮಾಸುತ್ತದೆ; ಬಿಳಿಗಾರದ ಕೆಂಪು ನಿಲ್ಲುತ್ತದೆ.

ಅರಿಸಿನದ ಕೊಂಬನ್ನೇ ಕೊಳ್ಳಿರಿ. ಪುಡಿಯಲ್ಲಿ ಕಲಬೆರಕೆಯ ಭಯ ಹೆಚ್ಚು. ಅರ್ಧ ಕಿಲೋ ಕೊಂಬನ್ನು ಚೂರು ಮಾಡಿ, 50 ಗ್ರಾಂ ಬಿಳಿಗಾರ, 5 ಗ್ರಾಂ ಪಟಿಕ ಕರಗಿಸಿದ ನಿಂಬೆರಸದಲ್ಲಿ ಕಲಸಿಡಬೇಕು. ಆಗಾಗ ಕೈಯಾಡಿಸುತ್ತ, ರಸವೆಲ್ಲ ಹೀರಿದ ಬಳಿಕ ನೆರಳಿನಲ್ಲಿ ಒಣಗಿಸಬೇಕು. ಬಿಸಿಲು ಕಾಣದ ನಮ್ಮ ಗ್ಯಾಲರಿಗಳು ಇದೊಂದಕ್ಕಾದರೂ ಒದಗಿದವು! ಮಳೆಗಾಲ ಮಾತ್ರ ಬೇಡ. ಒಣಗುತ್ತ ಬಂದಂತೆ ಚೂರುಗಳು ಕೆಂಪಾಗುತ್ತವೆ. ಕುಟ್ಟಿ, ವಸ್ತ್ರಗಾಳಿತ ಮಾಡಿ, ತುಸು ತುಪ್ಪ ತಿಕ್ಕಿದರೆ ಹಣೆಯಲ್ಲಿ ಅಂಟಿ ನಿಲ್ಲುತ್ತದೆ.

ಈ ಬಣ್ಣ ಪೇಟೆಯದರಂತೆ ಕಣ್ಣು ಕುಕ್ಕದು. ಕುಕ್ಕುವ ಕೆಂಪು ಕೆಲವೊಮ್ಮೆ ಸೀಸದ್ದು. ಬೈತಲೆಯಿಂದ ಬೆರಳಿಗೆ, ಬೆರಳಿನಿಂದ ತುತ್ತಿಗೆ ಇಳಿಯುವ ಆ ಸೀಸ ಎಳೆಯ ಮಕ್ಕಳ ಮಿದುಳಿಗೆ ಕೇಡು. ಬಿಳಿಗಾರವೂ ತಿನ್ನುವ ವಸ್ತುವಲ್ಲ. ಕುಂಕುಮದ ಭರಣಿಯನ್ನು ಅಡುಗೆಯ ಅರಿಸಿನದಿಂದಲೂ ಮಕ್ಕಳ ಕೈಯಿಂದಲೂ ದೂರವಿಡಿರಿ. ಮೊದಲು ಮುಂಗೈಗೆ ಹಚ್ಚಿ ನೋಡಿರಿ, ತುರಿಸಿದರೆ ಬಿಡಿರಿ.