ಮಳೆಯ ಇರುಳಿನಲ್ಲಿ ಕೊಡಚಾದ್ರಿ

ಬೆಟ್ಟವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಶಿಖರ. ಆದರೆ ಬೆಟ್ಟದ ತಪ್ಪಲಿನಲ್ಲಿ ಬಾಳಿದವರು ಮೊದಲು ವಿಚಾರಿಸುವುದು ಗಾಳಿ ಯಾವ ಕಡೆಯದು, ಹಳ್ಳದಲ್ಲಿ ನೀರೆಷ್ಟು, ಜೊತೆಗೆ ಬರುವವರು ಯಾರು ಎಂಬುದನ್ನು. ಇಂದು ರಜೆ ಬಂತೆಂದರೆ ನಮ್ಮ ಮನೆಗಳ ಎಳೆಯರು ಗುಂಪುಗೂಡಿ ಚಾರಣಕ್ಕೆ ಹೊರಡುತ್ತಾರೆ. ಇದು ಸಂತೋಷದ ಸಂಗತಿ. ದೇಹಕ್ಕೆ ದುಡಿಮೆಯನ್ನೂ ಕಣ್ಣಿಗೆ ವಿಶಾಲತೆಯನ್ನೂ ನೀಡುವ ಈ ಹವ್ಯಾಸವನ್ನು ತಡೆಯಬೇಕಾಗಿಲ್ಲ. ಆದರೆ ಮಳೆಗಾಳಿಯ ಇರುಳು ಬೆಟ್ಟದ ಮೇಲೆ ಮನುಷ್ಯನನ್ನು ಹೇಗೆ ಪರೀಕ್ಷಿಸುತ್ತದೆ ಎಂಬುದನ್ನು ಹೊರಡುವ ಮಕ್ಕಳೂ ಕಳುಹಿಸುವ ಹಿರಿಯರೂ ಅರಿತಿರುವುದು ಲೇಸು.

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಕೊಡಚಾದ್ರಿ 1343 ಮೀಟರು ಎತ್ತರದ ಗಿರಿ. ಅದರ ಪಡುವಣ ತಪ್ಪಲಿನಲ್ಲಿ ಕೊಲ್ಲೂರು. ಮೂಡಣಕ್ಕೆ ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದನೂರು, ಎಂದರೆ ಇಂದಿನ ನಗರ. ಗಿರಿಯ ಮೇಲ್ಭಾಗದಲ್ಲಿ ಮೂಲ ಮೂಕಾಂಬಿಕೆಯ ಗುಡಿಯಿದೆ. ಅಲ್ಲಿಂದ ಇನ್ನೂ ಮೇಲೆ ಶಂಕರಾಚಾರ್ಯರ ಹೆಸರಿನೊಂದಿಗೆ ಬೆಸೆದುಕೊಂಡ ಸರ್ವಜ್ಞಪೀಠವೆಂಬ ಪುಟ್ಟ ಕಲ್ಲುಮಂಟಪವಿದೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳಿಗೆ ಈ ಸಾಲು ಅಡ್ಡಗೋಡೆ. ಕೆಳಗೆ ದಟ್ಟ ಕಾಡು, ಮೇಲೆ ಮರೆಯೇ ಇಲ್ಲದ ಹುಲ್ಲುಗಾವಲು. ಮಳೆ ಕಾಡಿನಲ್ಲಿ ತೊಯ್ಯಿಸುತ್ತದೆ. ಗಾಳಿ ಹುಲ್ಲುಗಾವಲಿನಲ್ಲಿ ನಡುಗಿಸುತ್ತದೆ.

1996ರ ಅಕ್ಟೋಬರಿನಲ್ಲಿ ಗುರುಕುಲದ ಸಹಪಾಠಿಗಳಾದ ನಾವು ಐವರು ನಾಗೋಡಿಯ ಕಡೆಯ ಕಾಲುದಾರಿಯಿಂದ ಹತ್ತತೊಡಗಿದೆವು. ಗುಡಿಯ ಸಮೀಪದ ಮನೆಯೊಂದರಲ್ಲಿ ಇರುಳು ತಂಗುವುದೆಂದು ಮುಂಚಿತವಾಗಿಯೇ ಹೇಳಿಕಳುಹಿಸಿದ್ದೆವು. ಹಿಂಗಾರಿನ ಮೋಡ ಇಳಿಹೊತ್ತಿಗೆ ಕಪ್ಪಾಯಿತು. ಕಾಡಿನ ಅಂಚಿಗೆ ಬರುವಷ್ಟರಲ್ಲಿ ಮಿಂಚು ಹೊಳೆಯಿತು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದೆವು. ಹತ್ತು ಎಣಿಸುವಷ್ಟೂ ಬಿಡುವಿರಲಿಲ್ಲ. ಶಬ್ದವು ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕು. ಎಂದಮೇಲೆ ಸಿಡಿಲು ಮೂರು ಕಿಲೋಮೀಟರಿನೊಳಗೇ ಇತ್ತು. ಬೋಳು ದಿಣ್ಣೆಯನ್ನು ಏರದೆ, ಒಂಟಿಮರದ ಕೆಳಗೂ ನಿಲ್ಲದೆ, ತಗ್ಗಿನ ಕುರುಚಲಿನಲ್ಲಿ ಒಬ್ಬರಿಂದೊಬ್ಬರು ದೂರದೂರ ಕುಕ್ಕರಗಾಲಿನಲ್ಲಿ ಕುಳಿತೆವು. ಕೊನೆಯ ಗುಡುಗು ಅಡಗಿ ಅರ್ಧ ಗಂಟೆ ಕಳೆದ ಮೇಲೆಯೇ ಎದ್ದೆವು. ಆ ವೇಳೆಗೆ ಕತ್ತಲಾಗಿತ್ತು, ಮಳೆ ನಿಂತಿರಲಿಲ್ಲ.

ಹುಲ್ಲುಗಾವಲಿನ ಏರಿನಲ್ಲಿ ನಮ್ಮೊಳಗೆ ಅತ್ಯಂತ ಮಾತುಗಾರನಾದ ಗೆಳೆಯ ಮೌನವಾದನು. ಮೊದಲು ಗಡಗಡ ನಡುಗಿದನು, ಬಳಿಕ ಎಡವತೊಡಗಿದನು. ಕೈಚೀಲದ ಗಂಟನ್ನು ಬಿಚ್ಚಲು ಬೆರಳುಗಳು ಒಪ್ಪಲಿಲ್ಲ. ಕೇಳಿದ್ದಕ್ಕೆ ತೊದಲುತ್ತ ಸಂಬಂಧವಿಲ್ಲದ ಉತ್ತರ ಕೊಟ್ಟನು. ಒಬ್ಬರು, "ನಾವು ಇಬ್ಬರು ಬೇಗ ಹೋಗಿ ಮೇಲಿನವರನ್ನು ಕರೆತರುತ್ತೇವೆ" ಎಂದರು. ನಮ್ಮಲ್ಲಿ ಹಿರಿಯರಾದವರು, "ಐವರಾಗಿ ಹೊರಟಿದ್ದೇವಯ್ಯಾ, ಐವರಾಗಿಯೇ ಹೋಗೋಣ. ಈ ಮಂಜಿನಲ್ಲಿ ಬೇರೆಯಾದರೆ ಹುಡುಕಬೇಕಾದವರು ಎರಡು ಗುಂಪು" ಎಂದು ತಡೆದರು. ಆ ಮಾತೇ ಅಂದು ನಮ್ಮನ್ನು ಕಾಯಿತು.

ಅವನಿಗಾದದ್ದು ದಣಿವು ಮಾತ್ರವಲ್ಲ. ಎತ್ತರ 1000 ಮೀಟರು ಹೆಚ್ಚಿದರೆ ಗಾಳಿಯ ಉಷ್ಣತೆ ಸುಮಾರು 6 ಡಿಗ್ರಿ ತಗ್ಗುತ್ತದೆ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದರೆ ಮೈಯ ಕಾವು ಬಹುಬೇಗ ಸೋರಿಹೋಗುತ್ತದೆ. ಶರೀರದೊಳಗಿನ ಉಷ್ಣತೆ 37 ಡಿಗ್ರಿಯಿಂದ 35ಕ್ಕಿಂತ ಕೆಳಗಿಳಿದರೆ ಕೈಕಾಲು, ಮಾತು, ವಿವೇಕ ಒಂದೊಂದಾಗಿ ತಪ್ಪುತ್ತವೆ. ಆದುದರಿಂದ ಹಿಮಾಲಯದ ಹಿಮವೇ ಬೇಕೆಂದಿಲ್ಲ; ನಮ್ಮ ಮಲೆನಾಡಿನ ಮಳೆಯೂ ಪ್ರಾಣಾಪಾಯ ತರಬಲ್ಲುದು. ಹೀಗೆ ಕುಗ್ಗಿದವನ ನಡುಕ ತಾನಾಗಿ ನಿಂತರೆ ಅದು ಚೇತರಿಕೆಯಲ್ಲ, ಅಪಾಯ ಬಲಿತ ಗುರುತು.

ಬಂಡೆಯ ಮರೆಯಲ್ಲಿ ಗೆಳೆಯನ ಒದ್ದೆ ಜುಬ್ಬ, ಧೋತರಗಳನ್ನು ತೆಗೆದು, ಮೇಣಗಪಡದಲ್ಲಿ ಸುತ್ತಿಟ್ಟಿದ್ದ ಒಣಬಟ್ಟೆ ತೊಡಿಸಿದೆವು. ನೆಲದ ತಂಪು ತಾಗದಂತೆ ಚೀಲಗಳ ಮೇಲೆ ಕೂರಿಸಿ, ಕರಿಕಂಬಳಿ ಹೊದಿಸಿ, ಇಬ್ಬರು ಎರಡು ಬದಿಗೆ ಒತ್ತಿ ಕುಳಿತೆವು. ಹತ್ತಿಯ ಬಟ್ಟೆ ನೀರು ಹೀರಿದರೆ ಬೆಚ್ಚಗಿಡಲಾರದು. ಉಣ್ಣೆಯಾದರೋ ನೆನೆದರೂ ತಕ್ಕಮಟ್ಟಿಗೆ ಕಾವನ್ನು ಹಿಡಿದಿಡುತ್ತದೆ. ಮಲೆನಾಡಿನ ರೈತರು ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿಯುತ್ತಿದ್ದುದರ ಹಿಂದಿನ ಜಾಣ್ಮೆ ಅಂದು ನಮಗೆ ಮನವರಿಕೆಯಾಯಿತು. ಅವನು ನುಂಗಬಲ್ಲನೆಂದು ಖಚಿತವಾದ ಮೇಲೆ ಬೆಲ್ಲವನ್ನು ಚೂರುಚೂರಾಗಿ ಕೊಟ್ಟೆವು. ಮಾತು ಮರಳಿತು. ಬಳಿಕ ಅವನನ್ನು ನಡುವೆ ಇರಿಸಿಕೊಂಡು, ಅವನ ಹೆಜ್ಜೆಯ ವೇಗದಲ್ಲಿಯೇ ನಾಲ್ವರೂ ನಡೆದೆವು.

ಮೇಲಿನ ಮನೆಯನ್ನು ಸೇರಿದಾಗ ರಾತ್ರಿ ಹತ್ತು ದಾಟಿತ್ತು. ಮನೆಯವರು ನಮ್ಮ ಊರು ಕೇಳುವುದಕ್ಕೆ ಮೊದಲೇ ಒಲೆಗೆ ಸೌದೆ ಒಟ್ಟಿದರು, ಬಿಸಿ ಕಷಾಯ ಕೊಟ್ಟರು, ಗಂಜಿ ಬಡಿಸಿದರು. ದಾಸೋಹವೆಂಬ ಶಬ್ದವನ್ನು ಮಠದಲ್ಲಿ ಬಾಲ್ಯದಿಂದ ಕೇಳಿದ್ದ ನಮಗೆ ಅದರ ಅರ್ಥ ಆ ಒಲೆಯ ಮುಂದೆ ಇನ್ನಷ್ಟು ಬೆಳಗಿತು. ಬೆಳಗ್ಗೆಯೂ ಮಂಜು ಕವಿದಿತ್ತು. ಸರ್ವಜ್ಞಪೀಠ ಸ್ವಲ್ಪ ದೂರದಲ್ಲಿಯೇ ಇದ್ದರೂ ಅತ್ತ ಹೋಗದೆ, ಜೀಪು ಓಡಾಡುವ ದಾರಿಯಿಂದ ಮೆಲ್ಲನೆ ಇಳಿದೆವು. ಶಿಖರ ಕಾಣದ ಕೊರಗು ಯಾರಿಗೂ ಇರಲಿಲ್ಲ.

ಆದುದರಿಂದ ಪಾಲಕರಲ್ಲಿ ನಮ್ಮ ಅರಿಕೆ ಇಷ್ಟೇ. ಮಕ್ಕಳು ಹೊರಡುವ ಮುನ್ನ ಹವಾಮಾನ ಮುನ್ಸೂಚನೆಯನ್ನು ನೋಡಲಿ. ಅರಣ್ಯ ಇಲಾಖೆಯ ಅನುಮತಿ ಪಡೆಯಲಿ, ದಾರಿ ಮುಚ್ಚಿದ್ದರೆ ಹಿಂದಿರುಗಲಿ. ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಮನೆಯಲ್ಲಿ ತಿಳಿಸಿರಲಿ. ಒಣಬಟ್ಟೆ, ಉಣ್ಣೆಯ ಹೊದಿಕೆ, ಬ್ಯಾಟರಿ ದೀಪ, ಬೆಲ್ಲ ಚೀಲದಲ್ಲಿರಲಿ. ಮೈ ಬಿಸಿಯಾಗುವುದೆಂದು ಮದ್ಯವನ್ನು ನಂಬದಿರಲಿ. ಅದು ಕಾವನ್ನು ಇನ್ನಷ್ಟು ಕಳೆಯುತ್ತದೆ. ಉಕ್ಕಿದ ಹಳ್ಳವನ್ನು ದಾಟುವ ಸಾಹಸ ಬೇಡ; ಮಳೆ ನಿಂತರೆ ಬೆಟ್ಟದ ಹಳ್ಳ ಬೇಗ ಇಳಿಯುತ್ತದೆ, ಕಾಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಗುಂಪಿನಲ್ಲಿ ನಿಧಾನವಾಗಿ ನಡೆಯುವವನೇ ಎಲ್ಲರ ವೇಗವನ್ನು ನಿರ್ಣಯಿಸಲಿ. ಮರಳಿ ಬಂದ ಮಕ್ಕಳನ್ನು ತುದಿ ಮುಟ್ಟಿದಿರಾ ಎಂದು ಕೇಳುವುದಕ್ಕೆ ಮೊದಲು, ಜೊತೆಗಾರರೆಲ್ಲ ಕ್ಷೇಮವೇ ಎಂದು ಕೇಳುವ ರೂಢಿ ನಮ್ಮ ಮನೆಗಳಲ್ಲಿ ಬೆಳೆಯಲಿ.